ನಮ್ಮಕ್ಕನ ಕಾಲ್ಗುಣ

ಅಕ್ಕಾ,

ತರಬೇತಿಗೆ ಬಂದ ಈ ಪ್ರಯೋಗಾಲಯದ ಎಸಿಯಿಂದ ನನಗೆ ನೆಗಡಿ ಹಿಡಿದಿದೆ, ಉಳಿದಂತೆ ಆರಾಮ. ನೀನು ಕಳಿಸಿದ ದನಗಳ ಕೂದಲಿನ ಡಿಎನ್‌ಎ ಪರೀಕ್ಷೆ ಮುಗಿಯಿತು. ನಿನ್ನ ಮಾವ ಮೀಸೆ ತಿರುವುತ್ತ ಮೆರೆಸುವ ಹೋರಿಯ ಜೀನಿನಲ್ಲೇ ದೋಷವಿದೆ. ಕೊಟ್ಟಿಗೆಯ ಎರಡೂ ಹಸುಗಳು ಅದರ ಮಕ್ಕಳೇ. ಅವಕ್ಕೂ ಅದೇ ದೋಷ ಬಂದಿದೆ, ಒಂದೇ ಕಡೆಯಿಂದ ಬಂದದ್ದಕ್ಕೆ ಬದುಕಿವೆ. ತಂದೆತಾಯಿ ಇಬ್ಬರಿಂದಲೂ ಅದನ್ನು ಪಡೆದ ಕರು ಹೊಟ್ಟೆಯಲ್ಲೇ ಸಾಯುತ್ತದೆ.

ಮೂರು ಕರು ಸತ್ತದ್ದು ಸೊಸೆಯ ಕಾಲ್ಗುಣದಿಂದ ಎಂದು ನಿನ್ನತ್ತೆ ಊರಿಗೆಲ್ಲ ಸಾರುತ್ತಿರುವುದನ್ನು ಇಲ್ಲಿಯ ಡಾಕ್ಟರಮ್ಮನಿಗೆ ಹೇಳಿದೆ.

"ಕಾಲ್ಗುಣದ ಜೀನು ಇನ್ನೂ ಯಾರಿಗೂ ಸಿಕ್ಕಿಲ್ಲ ಕಣಮ್ಮ. ಹಸುನ ಅದರಪ್ಪನ ಹತ್ರಾನೇ ಬಿಟ್ಟ ಬುದ್ಧಿವಂತ ಯಾರು?" ಎಂದರು. ನಿನ್ನ ಮಾವ ಎನ್ನಲು ನನಗೇ ನಾಚಿಕೆಯಾಯಿತು.

ಇನ್ನು ಹಸುಗಳನ್ನು ಬೇರೆ ಹೋರಿಗೆ ಬಿಡಿಸು. ಲಕೋಟೆಯೂ ಇತ್ತು, ನಿನಗಿಂತ ಮೊದಲು ನಿನ್ನತ್ತೆ ಓದಲೆಂದೇ ತೆರೆದ ಅಂಚೆ ಕಾರ್ಡಿನಲ್ಲಿ ಬರೆದೆ.

ನಿನ್ನ ತಂಗಿ