ಲೈನ್ ಕೆಟ್ಟಿರಲಿಲ್ಲ

ಮಾಸ್ತರರಿಗೆ ನಿಮ್ಮ ಹಳೆಯ ಶಿಷ್ಯೆಯ ನಮಸ್ಕಾರಗಳು.

ನಿಮ್ಮ ಕಾಗದ ಸೋಮವಾರ ಕೈಸೇರಿತು. ಅಂಚೆ ಮತ್ತು ತಂತಿ ಇಲಾಖೆಯ ಐವತ್ತು ವರ್ಷಗಳ ಚರಿತ್ರೆ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ ಎಂದು ಓದಿ ಸಂತೋಷವಾಯಿತು. ನಿಮಗಲ್ಲದೆ ಇನ್ನಾರಿಗೆ ಬರಬೇಕು? ಆದರೆ ಜೊತೆಗಿಟ್ಟಿದ್ದ ಹಾಳೆಗೆ ನಾನು ಸಹಿ ಹಾಕುವುದಿಲ್ಲ. ಗಣಿ ಕುಸಿದ ದಿನ ಬಿರುಗಾಳಿಗೆ ಲೈನ್ ಕೆಟ್ಟಿತ್ತು, ನೀವು ರಿಪೇರಿ ಮಾಡಿಸಿದ ಮೇಲೆ ತಂತಿಗಳು ಹೋದವು ಎಂದು ನಾನು ಬರೆದುಕೊಡಲಾರೆ.

ಉಳಿದದ್ದನ್ನೆಲ್ಲ ಧಾರಾಳವಾಗಿ ಬರೆಯಿರಿ. ನಾನು ಕೆಲಸಕ್ಕೆ ಸೇರಿದಾಗ ತಂತಿ ನಮ್ಮ ಊರಿಗೇ ಮುಗಿಯುತ್ತಿತ್ತು. ಅದರಾಚೆಗೆ ಕಾಗದಗಳು ಕತ್ತೆಯ ಬೆನ್ನೇರಿ ಹೋಗುತ್ತಿದ್ದವು. ಹೆಂಗಸಿಗೆ ತಂತಿ ಯಂತ್ರ ಕಲಿಸಿದರೆ ಊರವರ ಗುಟ್ಟೆಲ್ಲ ಬೀದಿಗೆ ಬರುತ್ತದೆ ಎಂದು ಇಲಾಖೆಯ ಇನ್‌ಸ್ಪೆಕ್ಟರು ನಕ್ಕಾಗ, ನೀವು ಅವರೆದುರೇ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಿರಿ. ತಪ್ಪಿದಾಗಲೆಲ್ಲ ಪೆನ್ಸಿಲಿನಿಂದ ಮೇಜು ತಟ್ಟಿ ಸರಿಯಾದ ಲಯ ಕೇಳಿಸಿದಿರಿ. ಏಳು ವರ್ಷಗಳಲ್ಲಿ ಬೆಟ್ಟದಾಚೆಗೆ ಮೂವತ್ತು ಕಚೇರಿ ತೆರೆದಿರಿ. ಕಂಬಕ್ಕೆ ಮರ ಸಿಗದ ಕಡೆ ಹಳೆಯ ರೈಲುಹಳಿಗಳನ್ನೇ ನೆಡಿಸಿದಿರಿ. ಪ್ರತಿ ಹೊಸ ಕಚೇರಿಗೂ ಮೊದಲ ಸಂದೇಶ ಕಳಿಸುವ ಕೆಲಸ ನನ್ನದು. ಆ ಕಡೆಯಿಂದ ‘ಕೇಳಿಸಿತು’ ಎಂದು ಉತ್ತರ ಬಂದಾಗ ನೀವು ಮೀಸೆಯಡಿಯಲ್ಲೇ ನಗುತ್ತಿದ್ದಿರಿ. ಅಪ್ಪನ ಮುಖ ಕಂಡರಿಯದ ನನಗೆ ಆ ನಗು ಎಷ್ಟು ದೊಡ್ಡದಾಗಿತ್ತೆಂದು ಎಂದೂ ಹೇಳಲಿಲ್ಲ.

ಅದಕ್ಕೇ ಗಣಿ ಕುಸಿದ ಆ ದಿನ ಅಷ್ಟು ನೋವಾದದ್ದು.

ಬೆಳಿಗ್ಗೆ ಗಣಿಯಲ್ಲಿ ಬದುಕುಳಿದವರು ಮೈತುಂಬ ಕಲ್ಲಿದ್ದಲ ಧೂಳು ಹೊತ್ತು ಕೌಂಟರಿಗೆ ಬಂದರು. ಸತ್ತ ಇಪ್ಪತ್ತೆಂಟು ಜನರ ಮನೆಗಳಿಗೆ ಇಪ್ಪತ್ತೆಂಟು ತಂತಿ. ಬರೆಯಲು ಬಾರದವರಿಗೆ ನಾನೇ ಬರೆದುಕೊಟ್ಟೆ. ಕಳಿಸಲು ಕೂರುವಷ್ಟರಲ್ಲಿ ರಾಜಧಾನಿಯಿಂದ ತಂತಿಯಲ್ಲಿ ಆದೇಶ ಬಂತು. ಅದನ್ನು ಬರೆದುಕೊಂಡವಳೂ ನಾನೇ. ಗಣಿಯ ಸುದ್ದಿಯನ್ನು ಮೂರು ದಿನ ತಡೆಹಿಡಿಯಬೇಕು. ಅಷ್ಟರೊಳಗೆ ಹೆಣಗಳನ್ನು ಒಂದೇ ಗುಂಡಿಗೆ ಹಾಕಿ ಮುಚ್ಚಿ, ಸತ್ತವರು ಒಂಬತ್ತೇ ಜನ ಎಂದು ಮಾಲೀಕರು ಸಾರುವವರಿದ್ದರು. ಅದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗುಂಡಿ ತೋಡುವ ಸದ್ದು ಕಿಟಕಿಯಿಂದ ಕೇಳುತ್ತಿತ್ತು.

ನೀವು ನನ್ನ ಮುಖ ನೋಡದೆ, “ಲೈನ್ ಕೆಟ್ಟಿದೆ ಅಂತ ಹೇಳಿಬಿಡಮ್ಮ. ಮೂರು ದಿನದ ಮಾತು,” ಎಂದಿರಿ.

“ಲೈನ್ ಕೆಟ್ಟಿದ್ರೆ ಈ ಆದೇಶ ಹೇಗೆ ಬಂತು ಮಾಸ್ತರೇ?” ಎಂದೆ.

ನೀವು ಯಂತ್ರಕ್ಕೆ ಕೈ ಅಡ್ಡ ಇಟ್ಟಿರಿ. ನಾನು ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟೆ. ಮತ್ತೆ ನೀವು ತಡೆಯಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಿರಿ. ಇಪ್ಪತ್ತೆಂಟೂ ಹೋದವು. ಮರುದಿನದ ರೈಲಿಗೆ ತಾಯಂದಿರು, ಹೆಂಡಂದಿರು, ಅಣ್ಣತಮ್ಮಂದಿರು ಬಂದಿಳಿದು ಇನ್ನೂ ಮುಚ್ಚಿರದ ಗುಂಡಿಯ ಸುತ್ತ ನಿಂತರು. ತಮ್ಮ ತಮ್ಮವರನ್ನು ಗುರುತು ಹಿಡಿದು ಹೊತ್ತೊಯ್ದರು. ಒಂಬತ್ತು ಎನ್ನುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ.

ನನ್ನ ಮೇಲಿನ ದೂರಿಗೆ ನೀವೇ ಸಹಿ ಹಾಕಿದಿರಿ. ಇನ್ನು ಯಂತ್ರ ಮುಟ್ಟಕೂಡದೆಂದು ನನ್ನನ್ನು ಗಡಿಯ ಊರಿಗೆ ಅಟ್ಟಿದರು. ಹತ್ತೊಂಬತ್ತು ವರ್ಷ ಕಾಗದಗಳಿಗೆ ಮುದ್ರೆ ಒತ್ತಿದೆ. ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು, ಊಟಕ್ಕೆ ಕೂತಾಗಲೂ ಬೆರಳು ತಾನಾಗಿ ತಂತಿ ಯಂತ್ರದ ಕಟ್ಟು ಕಡ ಸದ್ದನ್ನು ತಟ್ಟುತ್ತಿತ್ತು. ಪಶ್ಚಾತ್ತಾಪ ಮಾತ್ರ ಒಂದು ದಿನವೂ ಆಗಲಿಲ್ಲ.

ನಾನು ಸಹಿ ಹಾಕದಿದ್ದರೆ ನಿಮ್ಮ ಇಷ್ಟು ವರ್ಷದ ಹೆಸರು ಹಾಳಾಗುತ್ತದೆ ಎಂದು ಬರೆದಿದ್ದೀರಿ. ಆಗಲಿ ಮಾಸ್ತರೇ. ಕಂಬ ನೆಟ್ಟವರೂ ನೀವೇ, ಕೈ ಅಡ್ಡ ಇಟ್ಟವರೂ ನೀವೇ. ಎರಡನ್ನೂ ಬರೆಯಿರಿ. ನೀವು ಬರೆಯದಿದ್ದರೂ ವಿಷಯ ನಿಲ್ಲುವುದಿಲ್ಲ. ಈ ಕಾಗದದ ಪ್ರತಿಗಳು ನಿಮ್ಮ ಬರಹವನ್ನು ಒಪ್ಪಬೇಕಾದ ಚರಿತ್ರೆ ಸಮಿತಿಯ ಐವರಿಗೂ ಇವತ್ತೇ ಹೊರಟಿವೆ. ನಿಮ್ಮದನ್ನು ರಿಜಿಸ್ಟರ್ ಮಾಡಿಸಿದ್ದೇನೆ. ಸಹಿ ಹಾಕಿಯೇ ತೆಗೆದುಕೊಳ್ಳಬೇಕು. ತಲುಪಲಿಲ್ಲ ಎನ್ನಲು ಬರುವುದಿಲ್ಲ.

ಕಣ್ಣಿನ ಪೊರೆ ತೆಗೆಸಿಕೊಂಡಿರೆಂದು ತಿಳಿಯಿತು. ದೃಷ್ಟಿ ಬೇಗ ತಿಳಿಯಾಗಲಿ. ಇದನ್ನು ಯಾರಿಂದಲೂ ಓದಿಸಿಕೊಳ್ಳದೆ ನೀವೇ ಓದುವಂತಾಗಲಿ.

ಇವತ್ತಿಗೂ ನಿಮ್ಮ ಶಿಷ್ಯೆಯೇ ಆಗಿರುವ,
ತಂತಿಯವಳು