ಗುರುವಾರದ ದಮ್ಮಡಿ

ಬೆಟಗೇರಿ
೧೨ ನವೆಂಬರ್ ೨೦೨೪

ಪ್ರೀತಿಯ ತಂಗಿ ದ್ರಾಕ್ಷಾಯಣಿಗೆ,

ನೀನು ಹಮ್ಮಿಗಿಗೆ, ಮಗಳು ಸುಶ್ಮಿತಾಳ ಮನೆಗೆ ಹೋಗಿ ನಾಲ್ಕು ತಿಂಗಳಾಯಿತು. ಪತ್ರಿಕೆಗಳಿಗೆ ವಾರಕ್ಕೆರಡು ಕಾಗದ ಬರೆಯುವ ಅಣ್ಣ ನಿನಗೆ ಒಂದನ್ನೂ ಬರೆಯಲಿಲ್ಲ. ಕ್ಷಮಿಸು. ಫೋನು ಮಾಡಿದರೆ ಸುಶ್ಮಿತಾ ಎತ್ತಿ, "ಅವ್ವ ಮಲಗ್ಯಾಳ್ರೀ ಮಾಮಾ" ಎನ್ನುತ್ತಾಳೆ. ಬೆಳಿಗ್ಗೆ ಹತ್ತಕ್ಕೂ ಮಲಗಿರುತ್ತೀ, ಸಂಜೆ ಐದಕ್ಕೂ ಮಲಗಿರುತ್ತೀ. ಅದಕ್ಕೇ ಈ ಕಾಗದ.

ಇಲ್ಲಿ ನಾವಿಬ್ಬರೂ ಸುಮಾರಾಗಿದ್ದೇವೆ. ನಿನ್ನ ವೈನಿ ರೋಹಿಣಿಗೆ ಮೊಣಕಾಲು ನೋವು ಹೆಚ್ಚಾಗಿದೆ, ನಾಲಿಗೆ ಮಾತ್ರ ಗಟ್ಟಿಯಾಗಿದೆ. ಈಗಷ್ಟೇ ಚಹಾ ಇಟ್ಟು ಹೋಗುತ್ತ, "ತಂಗೀಗಿ ಬರಿಯಾಕ ಪೀಠಿಕಿ ಯಾಕ್ರಿ? ತಪ್ಪಾತು ಅಂತ ಒಂದ ಸಾಲು ಬರದ್ರ ಸಾಕು" ಎಂದಳು. ಪೀಠಿಕೆಯಿಲ್ಲದೆ ಬರೆಯುವುದು ನನಗೆ ಬರುವುದಿಲ್ಲ.

ಜುಲೈನಲ್ಲಿ ನಾನು ಮಾಡಿದ್ದು ನಿನಗೆ ಗೊತ್ತೇ ಇದೆ. ನೇಕಾರರ ಸಂಘದ ಭವನದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಲಕ್ಷ್ಮೇಶ್ವರದ ಹುಡುಗಿ ನೂರೀನ ಹನ್ನೆರಡು ಜನರನ್ನು ದುಂಡಗೆ ಕೂಡಿಸಿ, ಕೈಗೊಂದು ಚರ್ಮದ ದಮ್ಮಡಿ ಕೊಟ್ಟು ಬಾರಿಸಲು ಹಚ್ಚುತ್ತಿದ್ದಳು. ಮೊದಲು ಕಣ್ಣು ಮುಚ್ಚಿ ಉಸಿರು ಗಮನಿಸುವುದು, ಆಮೇಲೆ ಒಬ್ಬರು ಹಾಕಿದ ಪೆಟ್ಟನ್ನು ಉಳಿದವರು ಹಿಡಿದುಕೊಂಡು ಹೋಗುವುದು. ಮನಸ್ಸಿನ ಭಾರ ಇಳಿಯುತ್ತದೆ ಎಂಬುದು ಅವಳ ಮಾತು. 'ವೈದ್ಯರಿಲ್ಲದ ಚಿಕಿತ್ಸೆ, ಪುರಾವೆಯಿಲ್ಲದ ಪವಾಡ' ಎಂದು ನಾನು ಪತ್ರಿಕೆಗೆ ಬರೆದೆ. ಕುಡಿಯುವ ನೀರಿಗಾಗಿ ಮೂವತ್ತು ವರ್ಷ ಬರೆದಿದ್ದೇನೆ, ಒಬ್ಬ ಅಧಿಕಾರಿಯೂ ಅಲುಗಾಡಿಲ್ಲ. ಇದೊಂದಕ್ಕೆ ಮೂರೇ ದಿನದಲ್ಲಿ ಭವನಕ್ಕೆ ಬೀಗ ಬಿತ್ತು! ಆ ಪತ್ರಿಕೆಯನ್ನು ಹಿಡಿದು ಓಣಿಯಲ್ಲಿ ನಾಲ್ಕು ಜನರಿಗೆ ತೋರಿಸಿದೆ. ಅದೇ ವಾರ ನೀನು ಹಮ್ಮಿಗಿಯ ಬಸ್ಸು ಹತ್ತಿದೆ. ನೀನೂ ಆ ಗುಂಪಿನಲ್ಲಿದ್ದುದು ನನಗೆ ಗೊತ್ತಿರಲಿಲ್ಲ ಎಂದು ರೋಹಿಣಿಗೆ ಹೇಳಿದೆ.

ದಸರೆಯ ಮಾರನೆಯ ವಾರ ಗೌಸಸಾಬ ಮನೆಗೆ ಬಂದಿದ್ದ. ಗುಂಪಿನವರಿಗೆ ದಮ್ಮಡಿ ಕಟ್ಟಿಕೊಟ್ಟು ಕೈ ತಿದ್ದುತ್ತಿದ್ದನಲ್ಲ, ಅವನೇ. ಜಗಳಕ್ಕೆ ಬಂದನೆಂದು ನಾನು ಉತ್ತರ ಸಿದ್ಧಮಾಡಿಕೊಂಡೇ ಕೂತೆ. ಅವನು ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಹೇಳಿದ:

"ಸರ, ನೀವು ಬರದದ್ದು ಖರೆನೋ ಸುಳ್ಳೋ ನನಗ ತಿಳಿಯಂಗಿಲ್ಲ. ನಿಮ್ಮ ತಂಗಿಯಾರು ಐದು ವಾರ ದಮ್ಮಡಿ ತೊಡಿ ಮ್ಯಾಲ ಇಟ್ಕೊಂಡು ಸುಮ್ನ ಕುಂತಿದ್ರು. ಆರನೇ ವಾರ ಬಾರಿಸಿದ್ರು ನೋಡ್ರಿ. ಎರಡು ಸಣ್ಣ ಪೆಟ್ಟು, ಒಂದು ದೊಡ್ಡ ಪೆಟ್ಟು. ನಾ ಕಲಿಸಿದ್ದಲ್ಲ ಅದು. ಇದ್ಯಾವುದ್ರೀ ಅಕ್ಕಾರ ಅಂದ್ರ, 'ನಮ್ಮ ಮನಿಯವರ ಮಗ್ಗ' ಅಂದ್ರು. ಹನ್ನೆರಡೂ ಮಂದಿ ಅದನ್ನ ಹಿಡದ್ರು. ಅರ್ಧಾ ತಾಸು ಮಗ್ಗ ನಡೀತ್ರೀ ಸರ ಅಲ್ಲಿ."



ನಿನ್ನ ಗಂಡ ಅಜಯಕುಮಾರ ತೀರಿಕೊಂಡ ಹನ್ನೊಂದನೆಯ ದಿನ ಅವನ ಮಗ್ಗ ಬಿಚ್ಚಿಸಿದವನು ನಾನು. ಕಂಡರೆ ಅಳುತ್ತೀ ಎಂದು, ನಾಲ್ಕು ಆಳು ಹಚ್ಚಿ, ಅವನು ಕಾಲಿಳಿಬಿಟ್ಟು ಕೂರುತ್ತಿದ್ದ ಕುಣಿಯನ್ನು ಮುಚ್ಚಿಸಿ, ಮೇಲೆ ಫರಸಿ ಕಲ್ಲು ಹಾಕಿಸಿದೆ. ತವರಿನ ಅಣ್ಣ ಮುಂದೆ ನಿಂತು ಮಾಡಿದ್ದಕ್ಕೆ ಯಾರು ಅಡ್ಡ ಬರುತ್ತಾರೆ? ಎಲ್ಲರೂ ಹೊಗಳಿದರು. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಣ್ಣಾ, ಆ ಸಪ್ಪಳ ಇಲ್ದ ನನಗ ನಿದ್ದಿ ಬರಂಗಿಲ್ಲೋ" ಎಂದೆ. "ರೂಢಿ ಆಗತೈತಿ ಬಿಡು" ಎಂದೆ ನಾನು. ಊರಿನವರ ತಪ್ಪುಗಳೆಲ್ಲ ನನಗೆ ತಾರೀಖಿನ ಸಮೇತ ಬಾಯಿಪಾಠ. ಈ ಮಾತು ಮಾತ್ರ ಗೌಸಸಾಬ ಬರುವವರೆಗೆ ನೆನಪಾಗಲಿಲ್ಲ.

ಮರುದಿನವೇ ಸಂಘದ ಕಚೇರಿಗೆ ಹೋಗಿ ಬೀಗ ತೆಗೆಯಿರಿ ಎಂದೆ. ಕಾರ್ಯದರ್ಶಿ ಸಿದ್ದಾರೂಢ ಫೈಲಿನಿಂದ ನನ್ನದೇ ಪತ್ರ ತೆಗೆದು ಮುಂದಿಟ್ಟ. ಸಾಲುಸಾಲಿಗೂ ಕೆಂಪು ಗೆರೆ. "ಇಷ್ಟು ಛಲೋ ಬರದೀರಿ. ಇದಕ್ಕ ಎದುರು ಮಾತಾಡಾಕ ನಮ್ಮ ಕಮಿಟ್ಯಾಗ ಯಾರೂ ಇಲ್ರಿ. ಉತ್ತರಾನೂ ನೀವ ಬರೀರಿ" ಎಂದ. ಬರೆದೆ. ಪತ್ರಿಕೆಯವರು ಅದನ್ನು ಐದು ಸಾಲಿಗೆ ಇಳಿಸಿ, ಮದುವೆ ಮಂಟಪದ ಜಾಹೀರಾತಿನ ಕೆಳಗೆ ಹಾಕಿದರು. ಬೀಗ ಹಾಗೇ ಇದೆ.

ನೂರೀನ ಈಗ ಮುಂಡರಗಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ, ಬಸ್ ನಿಲ್ದಾಣದ ಹಿಂದೆಯೇ. ಗುರುವಾರ ಮೂರು ಗಂಟೆಗೆ. ಹೋದ ವಾರ ನಾನೂ ಹೋಗಿ ಕೂತೆ. ನನ್ನನ್ನು ಕಂಡು ಆ ಹುಡುಗಿ ಒಂದು ಗಳಿಗೆ ಬಾಗಿಲಲ್ಲೇ ನಿಂತಳು. ಆಮೇಲೆ ಚಾಪೆ ಹಾಸಿ, "ಐದು ನಿಮಿಷ ಏನೂ ವಿಚಾರ ಮಾಡಬ್ಯಾಡ್ರಿ ಸರ್, ಬರೇ ಉಸಿರು ನೋಡ್ರಿ" ಎಂದಳು. ಆ ಐದು ನಿಮಿಷದಲ್ಲಿ ಸಂಪಾದಕರಿಗೆ ಮನಸ್ಸಿನಲ್ಲೇ ಮೂರು ಪತ್ರ ಬರೆದು ಮುಗಿಸಿದೆ. ಬಾರಿಸುವಾಗಲಂತೂ ನನ್ನ ಪೆಟ್ಟು ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ಪಕ್ಕದಲ್ಲಿದ್ದ ಯಳವತ್ತಿಯ ಬಸವಣ್ಣೆವ್ವ ನನ್ನ ಮಣಿಕಟ್ಟು ಹಿಡಿದು, "ಯಪ್ಪಾ, ಮಂದೀದು ಮೊದ್ಲ ಕೇಳು, ಆಮ್ಯಾಲ ಬಡಿ. ನಿನ್ನ ಹಿಂದ ಯಾರೂ ನಾಯಿ ಬಿಟ್ಟಿಲ್ಲ" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಇದು ಔಷಧಿಯೋ ಅಲ್ಲವೋ, ಇನ್ನೂ ತಿಳಿಯದು. ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡಿ ಎಂದು ನೂರೀನಳೇ ಎಲ್ಲರಿಗೂ ಹೇಳುತ್ತಾಳೆ. ಒಳಗೆ ಹೋಗಿ ಕೇಳಬೇಕಾದ ಪ್ರಶ್ನೆಯನ್ನು ನಾನು ಹೊರಗೆ ನಿಂತು ತೀರ್ಪು ಮಾಡಿದೆ.

ಹಮ್ಮಿಗಿಯಿಂದ ಮುಂಡರಗಿಗೆ ಬಸ್ಸಿದೆ. ಈ ಗುರುವಾರ ಹೋಗು. ನಾನಿದ್ದರೆ ಬೇಡವೆನಿಸಿದರೆ ಸುಶ್ಮಿತಾಳ ಕೈಲಿ ಒಂದು ಮಾತು ಹೇಳಿಸು, ನಾನು ಆ ಕಡೆ ಬರುವುದಿಲ್ಲ. ನೀನು ಮಾತ್ರ ಹೋಗು.

ನಿನಗೆ ನಿದ್ದೆ ಬರಲಿ. ಹಿರಿಯನಾಗಿ ಹರಸುವುದಕ್ಕೆ ನನ್ನ ಹತ್ತಿರ ಉಳಿದಿರುವುದು ಇಷ್ಟೇ.

ನಿನ್ನ ಅಣ್ಣ,
ಬಾಬಣ್ಣ

ತಾ.ಕ.: ರೋಹಿಣಿಗೆ ಹೇಳಿದ್ದು ಸುಳ್ಳು. ಪತ್ರಿಕೆಗೆ ಬರೆದ ಕಾರಣವೂ ಸುಳ್ಳು. ಬರೆಯುವ ಹಿಂದಿನ ದಿನ ಭವನದ ಕಿಟಕಿಯ ಹೊರಗೆ ನಿಂತು ನಿನ್ನನ್ನು ನೋಡಿದ್ದೆ. ನೀನು ಬಾಯಿ ತುಂಬ ನಗುತ್ತಿದ್ದೆ. ಅಜಯಕುಮಾರ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡನನ್ನು ಕಳೆದುಕೊಂಡವರನ್ನು ಮೂಲೆಗೆ ಕೂಡಿಸಬೇಡಿ ಎಂದು ಎಷ್ಟು ವೇದಿಕೆಗಳಲ್ಲಿ ಭಾಷಣ ಮಾಡಿದ್ದೇನೆ ನಾನು! ಪಕ್ಕದಲ್ಲಿ ನಿಂತಿದ್ದ ಒಬ್ಬ, "ದಮ್ಮಡಿ ಹಿಡದು ನಗಾಕತ್ತಾಳಲ್ಲ, ಆಕಿ ನಿಮ್ಮ ತಂಗಿ ಅಲ್ಲೇನ್ರಿ?" ಎಂದ. "ಅಲ್ಲ, ಯಾರೋ" ಎಂದೆ. ಒಳಗೆ ಬಾರಿಸುವುದು ಆಗಷ್ಟೇ ನಿಂತಿತ್ತು. ನೀನು ಕಿಟಕಿಯ ಕಡೆ ತಿರುಗಿದೆ.

ಕೇಳಿಸಿತೇ ದ್ರಾಕ್ಷಾಯಣಿ?