ಮೆಟ್ಟಿಲಿನಿಂದ ಉರುಳಿದವನು

ಅಪ್ಪಾ, ನೀನಿದ್ದಿದ್ದರೆ ಇವತ್ತು ಕೆಲಸ ಬಿಟ್ಟು ನೇರ ನಿನ್ನ ಹತ್ತಿರವೇ ಓಡಿಬರುತ್ತಿದ್ದೆ. ನೀನು ಹೋಗಿ ಎರಡು ವರ್ಷವಾಯಿತು; ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಬೆನ್ನುನೋವಿನ ಡ್ರೈವರೊಬ್ಬರಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಟಿವಿಯಲ್ಲಿ ಆ ಹಳೆಯ ಕನ್ನಡ ಕುಂಗ್‌ಫೂ ಚಿತ್ರ ಬರುತ್ತಿತ್ತು, ಚಿಕ್ಕವಳಿದ್ದಾಗ ನೀನು ನನಗೆ ನಾಲ್ಕು ಸಲ ತೋರಿಸಿದ್ದು.

"ಸೌಂಡ್ ಜಾಸ್ತಿ ಮಾಡಿ ಮೇಡಂ. ಹೀರೋ ಈಗ ಹೆಂಗೆ ಒದೀತಾನೆ ನೋಡಿ," ಅಂದರು ಡ್ರೈವರು.

ಹೀರೋ ಒದ್ದ. ಖಳನ ಕಡೆಯವನೊಬ್ಬ ಮೆಟ್ಟಿಲುಗಳ ಮೇಲೆ ಉರುಳುತ್ತಾ ಬಂದು ಅಂಗಾತ ಬಿದ್ದ. ಆಮೇಲೆ ಪಕ್ಕಕ್ಕೆ ಹೊರಳಿ, ಎಡಗೈ ಊರಿ, ತುಟಿ ಕಚ್ಚಿಕೊಂಡು ಎದ್ದ. ನೀನು ದಿನಾ ಹಾಸಿಗೆಯಿಂದ ಏಳುತ್ತಿದ್ದದ್ದೂ ಹಾಗೆಯೇ. ಅಂಟಿಸಿದ ಮೀಸೆಯ ಹಿಂದೆ ಇದ್ದದ್ದು ನಿನ್ನ ಮುಖ.

ನನ್ನ ಕೈ ಡ್ರೈವರ ಬೆನ್ನ ಮೇಲೆ ಹಾಗೇ ನಿಂತುಬಿಟ್ಟಿತು.

"ಏನಾಯ್ತಮ್ಮ? ದೆವ್ವ ಕಂಡೋರ ಥರ ಆಗಿದೀರಲ್ಲ."

ಮೂಟೆ ಹೊತ್ತು ಬೆನ್ನು ಹೋಯಿತು ಎಂದೇ ನೀನು ಕೊನೆಯವರೆಗೂ ಹೇಳಿದೆ. ಥಿಯೇಟರಿನಲ್ಲಿ ಆ ಒದೆ ಬಿದ್ದಾಗ ನಾನು ಕುರ್ಚಿ ಹತ್ತಿ ಶಿಳ್ಳೆ ಹೊಡೆದು, "ಅವನಿಗೆ ಇನ್ನೊಂದು ಕೊಡಬೇಕಿತ್ತು," ಅಂದಿದ್ದೆ.

ನೀನು ನಕ್ಕಿದ್ದೆ. "ಸಾಕು ಬಿಡು ಪುಟ್ಟಿ, ಪಾಪ. ಅವನ ಮನೇಲೂ ಒಬ್ಬಳು ಮಗಳಿರ್ತಾಳೆ," ಅಂದಿದ್ದೆ.